ಫ್ಯಾನ್ ಆಫ್ ಮಾಡೋಕಾಗಲ್ವಾ?

ಬಡ್ಜಿ ಮನೆಗೆ ಬಂದ ಮೂರನೇ ದಿನಕ್ಕೆ ಪ್ರಶ್ನೆ ಹುಟ್ಟುತ್ತೆ: "ಇದರ ರೆಕ್ಕೆ ಕತ್ತರಿಸಿಬಿಡೋದಾ?" ಕೇಳುವವರು ಕ್ರೂರಿಗಳೇನಲ್ಲ. ಫ್ಯಾನಿಗೆ ಬಡಿದು ಸತ್ತುಬಿಟ್ಟರೆ ಅನ್ನುವ ಭಯ, ಕಿಟಕಿಯಿಂದ ಹಾರಿಹೋದರೆ ಅನ್ನುವ ಭಯ. ಅಂಗಡಿಯವರು ಬೇರೆ ಧೈರ್ಯ ತುಂಬುತ್ತಾರೆ: "ಉಗುರು ಕತ್ತರಿಸಿದ ಹಾಗೆ ಸಾರ್, ಎರಡು ನಿಮಿಷದ ಕೆಲಸ, ನೋವೇ ಆಗಲ್ಲ."

ನನ್ನ ವಾದ ಇಷ್ಟೇ. ತೊಂದರೆ ಇರೋದು ನಮ್ಮ ಮನೆಯಲ್ಲಿ, ಹಕ್ಕಿಯ ರೆಕ್ಕೆಯಲ್ಲಲ್ಲ. ಮೊದಲು ಮನೆ ಸರಿಮಾಡಿ. ಕತ್ತರಿ ಬೇಕೇ ಬೇಕಾದರೆ ಅದು ಕೊನೆಗೆ, ಅದೂ ನಿಮ್ಮ ಕೈಯಲ್ಲಿ ಬೇಡ.

ನಮ್ಮ ಕಡೆ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಅಂತ ಜೋಡಿ ಲೆಕ್ಕದಲ್ಲಿ ಮಾರುವ ಹಕ್ಕಿ ಬಹುಪಾಲು ಈ ಬಡ್ಜಿಯೇ. ಅಸಲಿ ಲವ್ ಬರ್ಡ್ ಆಫ್ರಿಕಾದ್ದು, ಅದೇ ಬೇರೆ. ಬಡ್ಜಿ ಆಸ್ಟ್ರೇಲಿಯಾದ ಒಣನಾಡಿನದು. ಅಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಹುಲ್ಲು ತೆನೆ ಬಿಟ್ಟಿತು ಅಂತ ಹುಡುಕಿಕೊಂಡು ದೊಡ್ಡ ದೊಡ್ಡ ಹಿಂಡಿನಲ್ಲಿ ಊರೂರು ಅಲೆಯುವ ಹಕ್ಕಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ. ಆಮೇಲೆ ಪಂಜರದಲ್ಲೇ ಮರಿ ಮಾಡಿಸಿ ನೀಲಿ, ಬಿಳಿ, ಹಳದಿ ಬಣ್ಣಗಳನ್ನೆಲ್ಲ ಬೆಳೆಸಿದರು. ಬಣ್ಣ ಬದಲಾಯಿತು, ಮೈಕಟ್ಟು ಬದಲಾಗಲಿಲ್ಲ. 30ರಿಂದ 40 ಗ್ರಾಂ ತೂಗುವ ಈ ಜೀವದ ಎದೆಯ ತುಂಬ ಹಾರುವ ಸ್ನಾಯು. ಅದನ್ನು ಕೂರಿಸಿ ಬರೀ ಒಣ ಕಾಳು ತಿನ್ನಿಸಿದರೆ ಕೊಬ್ಬು ಬೆಳೆಯುತ್ತದೆ, ಲಿವರ್ ಕೆಡುತ್ತದೆ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಫ್ಯಾಟಿ ಲಿವರ್ ರಿಪೋರ್ಟ್ ತರುವ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಈಗ ಉಗುರಿನ ವಾದ. ಪೂರ್ತಿ ಬಲಿತ ಗರಿಯಲ್ಲಿ ಜೀವ ಇಲ್ಲ, ಕತ್ತರಿಸಿದರೆ ನೋವಿಲ್ಲ. ಇಷ್ಟು ನಿಜ. ಆದರೆ ಉಗುರು ಕತ್ತರಿಸಿಕೊಂಡ ಮನುಷ್ಯ ನಡೆಯೋದು ನಿಲ್ಲಿಸ್ತಾನಾ? ಇಲ್ಲಿ ಹೋಗುತ್ತಿರುವುದು ಉಗುರಲ್ಲ, ನಡಿಗೆ. ಜೊತೆಗೆ ಎಲ್ಲ ಗರಿಯೂ ಬಲಿತಿರುವುದಿಲ್ಲ. ಹೊಸದಾಗಿ ಮೂಡುತ್ತಿರುವ ಗರಿಯ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ, ಅದಕ್ಕೇ ಅದನ್ನು ಬ್ಲಡ್ ಫೆದರ್ ಅನ್ನುತ್ತಾರೆ. ಬಡ್ಜಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದು ಟೀ ಚಮಚಕ್ಕಿಂತ ಕಡಿಮೆ. ಅಡುಗೆಮನೆ ಕತ್ತರಿ ಹಿಡಿದು, ಫೋನಿನಲ್ಲಿ ವಿಡಿಯೋ ನೋಡ್ಕೊಂಡು, ಆ ಲೆಕ್ಕದ ಜೊತೆ ಆಟ ಆಡೋದು ಬೇಡ.

ಫ್ಯಾನ್ ವಾದಕ್ಕೆ ಬರೋಣ. ಭಯ ಸುಳ್ಳಲ್ಲ. ನಿಮಿಷಕ್ಕೆ 300 ಸುತ್ತಿಗೂ ಮೀರಿ ತಿರುಗುವ ರೆಕ್ಕೆಯ ಎದುರು 35 ಗ್ರಾಂ ಹಕ್ಕಿ ಏನೂ ಅಲ್ಲ. ಆದರೆ ಆ ಫ್ಯಾನಿಗೊಂದು ಸ್ವಿಚ್ ಇದೆ ಸ್ವಾಮಿ. ಈಗಂತೂ ರಿಮೋಟೂ ಇದೆ, ಎದ್ದು ಹೋಗೋದೂ ಬೇಡ. ಎರಡು ರೆಕ್ಕೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಅಂತ ಬಂದಾಗ ನಾವು ಹಕ್ಕಿಯದನ್ನೇ ಯಾಕೆ ಆರಿಸುತ್ತೇವೆ? ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು ಅನ್ನುವ ಗಾದೆ ಇದೆಯಲ್ಲ, ಅಲ್ಲಿ ಕೊನೇಪಕ್ಷ ಮೂಗಾದರೂ ಅವರದ್ದೇ. ಇಲ್ಲಿ ನೆಗಡಿ ನಮ್ಮದು, ಮೂಗು ಹಕ್ಕಿಯದು.

ಕಿಟಕಿ ವಾದ ಇನ್ನೂ ಅಪಾಯಕಾರಿ, ಯಾಕಂದ್ರೆ ಅದು ಸುಳ್ಳು ಧೈರ್ಯ ಕೊಡುತ್ತದೆ. ಬಡ್ಜಿ ಎಷ್ಟು ಹಗುರ ಅಂದರೆ ನಾಲ್ಕಾರು ಗರಿ ಹೋದರೂ ಕೆಲವು ಹಕ್ಕಿಗಳು ಮೇಲೇಳುತ್ತವೆ. ಐದನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಜೋರು ಗಾಳಿ ಸಾಕು. ಇದರ ಮೇಲೆ, ಹಳೇ ಗರಿ ಉದುರಿ ಹೊಸದು ಬರುತ್ತಲೇ ಇರುತ್ತದೆ. ಕೆಲವು ತಿಂಗಳಲ್ಲಿ ಹಕ್ಕಿಗೆ ಮತ್ತೆ ಹಾರಲು ಬರುತ್ತದೆ, ನಿಮಗೆ ಮಾತ್ರ ಗೊತ್ತಿರುವುದಿಲ್ಲ. "ಇದು ಹಾರಲ್ಲ ಬಿಡಿ" ಅಂತ ಭುಜದ ಮೇಲೆ ಕೂರಿಸಿಕೊಂಡು ಬಟ್ಟೆ ಒಣಹಾಕಲು ಹೋಗುತ್ತೀರಿ. ಅರ್ಧಂಬರ್ಧ ರೆಕ್ಕೆಯ ಹಕ್ಕಿ ಹೊರಗೆ ಬಿದ್ದರೆ ವಾಪಸ್ ಬರಲಾರದು, ಕಾಗೆ ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳಲೂ ಆರದು. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿದರೆ ಈ ಕಥೆಯೇ ಇಲ್ಲ. ಸೊಳ್ಳೆಗೆ ಹೆದರಿ ಹಾಕಿಸುವ ಪರದೆಯನ್ನು ಹಕ್ಕಿಗಾಗಿ ಹಾಕಿಸೋಕೆ ಏನು ಕಷ್ಟ?

ಮೂರನೇ ವಾದ ನನಗೆ ನಿಜಕ್ಕೂ ಸಿಟ್ಟು ತರಿಸುವಂಥದ್ದು: "ರೆಕ್ಕೆ ಕತ್ತರಿಸಿದ್ರೆ ಬೇಗ ಹೊಂದಿಕೊಳ್ಳುತ್ತೆ, ಪ್ರೀತಿ ಮಾಡುತ್ತೆ." ಹೆದರಿದಾಗ ಹಾರುವುದೊಂದೇ ಆ ಹಕ್ಕಿಗೆ ಗೊತ್ತಿರುವ ದಾರಿ. ಆ ದಾರಿ ಮುಚ್ಚಿದ ಮೇಲೆ ಅದು ನಿಮ್ಮ ಬೆರಳಿನ ಮೇಲೆ ಸುಮ್ಮನೆ ಕೂತರೆ ಅದನ್ನು ಪ್ರೀತಿ ಅನ್ನಲಾಗದು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಸಿದಿಟ್ಟುಕೊಂಡು, ಎರಡು ವರ್ಷದ ಬಾಂಡ್ ಬರೆಸಿಕೊಂಡು, "ನಮ್ಮ ಕಂಪನಿ ಬಿಟ್ಟು ಯಾರೂ ಹೋಗಲ್ಲ, ಅಷ್ಟು ಒಳ್ಳೇ ಕಲ್ಚರ್" ಅನ್ನುವ ಮ್ಯಾನೇಜರ್‌ನ ಮಾತಿಗೆ ನಾವು ನಗುತ್ತೇವೆ ತಾನೇ? ಮನೆಗೆ ಬಂದು ಅದನ್ನೇ ಮಾಡೋದಾ?

ಗಿಳಿಶಾಸ್ತ್ರ ಹೇಳುವವನ ಗಿಳಿ ನೋಡಿದ್ದೀರಲ್ಲ. ಪಂಜರದಿಂದ ಹೊರಗೆ ಬರುತ್ತೆ, ಒಂದು ಕಾರ್ಡ್ ಎಳೆಯುತ್ತೆ, ಕಾಳು ತಿಂದು ತಾನೇ ಒಳಗೆ ಹೋಗುತ್ತೆ. ಅದು ಹಾರಿಹೋಗದಂತೆ ಗರಿ ಕತ್ತರಿಸಿರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದು ಅಪರಾಧ. ಅದನ್ನು ಕಂಡರೆ ಫೋಟೋ ತೆಗೆದು ದೂರು ಕೊಡುವವರೂ ನಾವೇ. ಬಡ್ಜಿ ವಿದೇಶಿ, ಅದಕ್ಕೆ ಆ ರಕ್ಷಣೆ ಇಲ್ಲ ಅಷ್ಟೆ. 2015ರಲ್ಲಿ ದೆಹಲಿ ಹೈಕೋರ್ಟ್ ಹಾರಾಡುವುದು ಹಕ್ಕಿಗಳ ಮೂಲಭೂತ ಹಕ್ಕು ಅಂತ ಹೇಳಿದಾಗ ಹಂಚಿಕೊಂಡು ಖುಷಿಪಟ್ಟವರೂ ನಮ್ಮಂಥವರೇ. ಗಿಳಿಶಾಸ್ತ್ರದವನಿಗೆ ಅದು ಹೊಟ್ಟೆಪಾಡು. ನಮ್ಮದು?

ಹಾಗಂತ "ಪಾಪ, ಬಿಟ್ಟುಬಿಡಿ, ಹಾರಿಹೋಗ್ಲಿ" ಅನ್ನುವವರ ಪಕ್ಷವೂ ನನ್ನದಲ್ಲ. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಇಲ್ಲಿ ಮೇವು ಎಲ್ಲಿದೆ, ಹದ್ದು ಯಾವ ಕಡೆಯಿಂದ ಎರಗುತ್ತೆ ಅನ್ನೋದು ಗೊತ್ತಿಲ್ಲ. ಅದನ್ನು ಹೊರಗೆ ಬಿಡೋದು ಸ್ವಾತಂತ್ರ್ಯ ಅಲ್ಲ, ಕೈತೊಳೆದುಕೊಳ್ಳೋದು.

ಕತ್ತರಿಸಲೇಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಸದಾ ಬಾಗಿಲು ತೆರೆದೇ ಇರುವ ತುಂಬುಕುಟುಂಬ ಇರಬಹುದು, ಗೋಡೆಗೆ ಮತ್ತೆ ಮತ್ತೆ ಡಿಕ್ಕಿ ಹೊಡೆಯುವ ಹಕ್ಕಿ ಇರಬಹುದು. ಆಗಲೂ ಹಕ್ಕಿಗಳನ್ನು ನೋಡಿ ಅನುಭವ ಇರುವ ವೆಟ್ ಹತ್ತಿರ ಹೋಗಿ, ಇಷ್ಟನ್ನು ಗಮನಿಸಿ. ಮರಿಯಾಗಿದ್ದರೆ ಮೊದಲು ಚೆನ್ನಾಗಿ ಹಾರಲು, ಇಳಿಯಲು ಕಲಿಯಲಿ. ಪ್ರತಿ ರೆಕ್ಕೆಯಲ್ಲಿ ತುದಿಯ ಉದ್ದ ಗರಿಗಳು 10 ಇರುತ್ತವೆ. ಅವುಗಳಲ್ಲಿ ಹೊರಗಿನ ಕೆಲವನ್ನು ಮಾತ್ರ, ಎರಡೂ ಕಡೆ ಒಂದೇ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು. ಒಂದೇ ಕಡೆ ಕತ್ತರಿಸಿದರೆ ಹಕ್ಕಿ ತೋಲ ತಪ್ಪಿ ಸುತ್ತಿಕೊಂಡು ಬೀಳುತ್ತದೆ. ಮೈಗೆ ಹತ್ತಿರದ ಒಳಗರಿಗಳನ್ನು ಮುಟ್ಟಬಾರದು. ದಂಟು ಕಪ್ಪಾಗಿ, ನೀಲಿಯಾಗಿ ಕಂಡರೆ ಅದು ರಕ್ತ ಇರುವ ಗರಿ, ಬಿಟ್ಟುಬಿಡಬೇಕು. ಹಿಡಿಯುವಾಗ ಎದೆ ಅದುಮಬಾರದು. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಮೂಳೆ ಅಲ್ಲಾಡಿದರೆ ಮಾತ್ರ ಉಸಿರು. ಎಲ್ಲ ಮುಗಿದ ಮೇಲೆ ಹಕ್ಕಿ ಮೆಲ್ಲಗೆ ಜಾರಿ ನೆಲಕ್ಕೆ ಇಳಿಯಬೇಕು. ಕಲ್ಲಿನ ಹಾಗೆ ಬಿದ್ದರೆ ಜಾಸ್ತಿ ಕತ್ತರಿಸಿದ್ದಾರೆ ಅಂತ ಅರ್ಥ, ಎದೆಮೂಳೆಗೆ ಪೆಟ್ಟಾಗುತ್ತದೆ. ಪಂಜರದಲ್ಲಿ ಕೂರುವ ಕಡ್ಡಿಗಳನ್ನು ಕೆಳಗಿಳಿಸಿ. ತಿಂಗಳಿಗೊಮ್ಮೆ ರೆಕ್ಕೆ ನೋಡಿ. ಗರಿ ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದು ವೆಟ್ ಹತ್ತಿರ ಓಡಿ.

ಇಷ್ಟೆಲ್ಲ ಮಾಡುವ ಶ್ರಮದಲ್ಲಿ ಅರ್ಧವನ್ನು ಮನೆಗೆ ಹಾಕಿದರೆ ಕತ್ತರಿಯೇ ಬೇಡ. ದಿನಕ್ಕೆ ಒಂದು ಗಂಟೆ, ಒಂದೇ ರೂಮು. ಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ಸ್ವಿಚ್ ಮೇಲೆ ಟೇಪ್ ಅಂಟಿಸಿ. ಕನ್ನಡಿಗೆ, ಗಾಜಿಗೆ ಪರದೆ ಎಳೆಯಿರಿ, ಗಾಜು ಅನ್ನೋದು ಹಕ್ಕಿಗೆ ಅರ್ಥವಾಗದ ವಸ್ತು. ಬಾತ್‌ರೂಮಿನ ನೀರಿನ ಬಕೆಟ್ಟಿಗೆ ಮುಚ್ಚಳ ಇರಲಿ. ಅಡುಗೆಮನೆ ದೂರವೇ ಇರಲಿ, ಕಾದ ನಾನ್‌ಸ್ಟಿಕ್ ಪ್ಯಾನ್‌ನ ಹೊಗೆ ಒಂದೇ ಸಾಕು, ಹಕ್ಕಿ ಉಳಿಯಲ್ಲ. ಕೈಗೆ ಕರೆಸಿಕೊಳ್ಳೋಕೆ ನವಣೆ ತೆನೆ ಹಿಡಿಯಿರಿ. ಮೊದಲು ಪಂಜರದ ಬಾಗಿಲಲ್ಲಿ, ಆಮೇಲೆ ಒಂದು ಗೇಣು ದೂರದಲ್ಲಿ, ಆಮೇಲೆ ಒಂದು ಮಾರು. ಕೆಲವು ವಾರ ಹಿಡಿಯುತ್ತೆ. ಆದರೆ ಹಾರಿಹೋಗಬಹುದಾದ ಹಕ್ಕಿ ಹಾರಿ ಬಂದು ಬೆರಳ ಮೇಲೆ ಕೂತಾಗ, ಅದು ತಾನಾಗಿ ಬಂದದ್ದು ಅಂತ ನಿಮಗೆ ಗೊತ್ತಿರುತ್ತೆ.

ಇದೆಲ್ಲ ಆಗಲ್ಲ, ದಿನಕ್ಕೊಂದು ಗಂಟೆ ಫ್ಯಾನ್ ಇಲ್ಲದೆ ಇರೋಕಾಗಲ್ಲ ಅನ್ನೋದಾದ್ರೆ ತಪ್ಪೇನಿಲ್ಲ. ಬಡ್ಜಿ ತರಬೇಡಿ ಅಷ್ಟೆ. ಬಾಲ್ಕನಿಯಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು ದಿನಾ ಬದಲಾಯಿಸಿ. ಪಿಕಳಾರವೋ ಮೈನಾವೋ ಬರುತ್ತೆ, ಕುಡಿಯುತ್ತೆ, ಹೋಗುತ್ತೆ. ಅದರ ರೆಕ್ಕೆ ಬಗ್ಗೆ ನೀವು ಯಾವ ತೀರ್ಮಾನವನ್ನೂ ತಗೋಬೇಕಾಗಿಲ್ಲ.