ಹಣ್ಣಿನ ಮರಕ್ಕೆ ಬೀಳುವ ಕಲ್ಲು

ಹಣ್ಣು ಬಿಟ್ಟ ಮರಕ್ಕೇ ಕಲ್ಲೇಟು ಹೆಚ್ಚೆಂಬುದು ನಮ್ಮ ಹಿರಿಯರ ಮಾತು. ಈ ಕಾಲದ ವಿಡಿಯೋ ಆಟಗಳ ವಿಷಯದಲ್ಲಿಯೂ ಈ ಮಾತು ಸಲ್ಲತಕ್ಕದ್ದಾಗಿದೆ. ಲಕ್ಷಾಂತರ ಜನರು ಹಣ ತೆತ್ತು ಕೊಂಡು ಆಡುವ ಆಟವೊಂದು ಹೊರಬಂದೊಡನೆಯೇ ಅದನ್ನು ಹಳಿಯುವವರ ಕೂಗೂ ಏಳುತ್ತದೆ. ಜನರು ಮೆಚ್ಚಿದ ವಸ್ತುವಿಗೆ ಇಷ್ಟೊಂದು ನಿಂದೆ ಏತಕ್ಕೆ? ಮಕ್ಕಳಿರುವ ಗೃಹಗಳಿಗೆಲ್ಲ ಈ ಪ್ರಶ್ನೆಯು ಸಂಬಂಧಪಟ್ಟದ್ದಾದುದರಿಂದ, ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದಿದ್ದೇನೆ.

ಮೊದಲನೆಯ ಕಾರಣವು ಕೇವಲ ಲೆಕ್ಕದ್ದು. ನೂರು ಮಂದಿ ಆಡುವ ಆಟವನ್ನು ಹತ್ತು ಮಂದಿ ಮೆಚ್ಚದಿದ್ದರೆ ಅದು ಯಾರ ಕಿವಿಗೂ ಬೀಳದು. ನಲವತ್ತು ಲಕ್ಷ ಮಂದಿಯಲ್ಲಿ ಅದೇ ಪ್ರಮಾಣದವರು ಮೆಚ್ಚದಿದ್ದರೆ ನಾಲ್ಕು ಲಕ್ಷ ಕಂಠಗಳ ಘೋಷವಾಗುತ್ತದೆ. ಉಂಡು ತೃಪ್ತನಾದವನು ಸುಮ್ಮನೆ ಕೈತೊಳೆದು ಏಳುತ್ತಾನೆ; ಅನ್ನದಲ್ಲಿ ಕಲ್ಲು ಸಿಕ್ಕಿದವನೇ ಮಾತನಾಡುವವನು.

ಎರಡನೆಯ ಕಾರಣವು ಮಮತೆ. ಅಮೆರಿಕದ ‘ನಾಟಿ ಡಾಗ್’ ಸಂಸ್ಥೆಯವರು 2013ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಎಂಬ ಆಟವನ್ನು ಹೊರತಂದರು. ಅದರ ಎರಡನೆಯ ಭಾಗವು 2020ನೆಯ ಜೂನ್ 19ರಂದು ಬಂದು, ಮೂರೇ ದಿನಗಳಲ್ಲಿ 40 ಲಕ್ಷಕ್ಕಿಂತಲೂ ಹೆಚ್ಚಾಗಿ ಮಾರಾಟವಾಯಿತು. ಮೊದಲ ಭಾಗದ ನಾಯಕನು ಇದರಲ್ಲಿ ಆರಂಭದಲ್ಲಿಯೇ ಹತನಾಗುತ್ತಾನೆ. ಆಡುವವನು ಅವನನ್ನು ಕೊಂದವಳ ಪಾತ್ರವನ್ನೇ ಬಹಳ ಹೊತ್ತು ವಹಿಸಬೇಕಾಗುತ್ತದೆ. ಏಳು ವರ್ಷಗಳಿಂದ ಆ ನಾಯಕನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವರಿಗೆ ಇದು ದ್ರೋಹವಾಗಿ ತೋರಿತು. ಪ್ರಧಾನ ಪಾತ್ರಗಳೆರಡೂ ಸ್ತ್ರೀಯರದಾದುದೇ ಮತ್ತೆ ಕೆಲವರಿಗೆ ಸಹನವಾಗಲಿಲ್ಲ.

ಆದರೆ ವಿಚಿತ್ರವನ್ನು ನೋಡಿ. ಆ ಆಟವನ್ನು ಮುಗಿಸಲು ಇಪ್ಪತ್ತು ಗಂಟೆಗಳಿಗೂ ಹೆಚ್ಚು ಕಾಲ ಬೇಕು. ‘ಮೆಟಾಕ್ರಿಟಿಕ್’ ಎಂಬ ತಾಣದಲ್ಲಿಯಾದರೋ ಕೆಲವೇ ಗಂಟೆಗಳಲ್ಲಿ ಸಾವಿರಾರು ಮಂದಿ ಅದಕ್ಕೆ ಸೊನ್ನೆಯ ಅಂಕವನ್ನಿತ್ತರು! ಏಪ್ರಿಲ್‌ನಲ್ಲಿಯೇ ಕಥೆಯ ಕೆಲವು ಭಾಗಗಳು ಕಳ್ಳತನದಿಂದ ಹೊರಬಿದ್ದಿದ್ದವು. ಅನೇಕರ ತೀರ್ಪು ಅಂದೇ ಸಿದ್ಧವಾಗಿತ್ತು. ಆಟ ಹೊರಬಂದ 36 ಗಂಟೆಗಳವರೆಗೆ ಯಾರೂ ಅಂಕ ಕೊಡಕೂಡದೆಂದು ಆ ತಾಣದವರು ಮರುತಿಂಗಳು ನಿಯಮಮಾಡಿದರು. ನಮ್ಮ ಶಾಸ್ತ್ರಕಾರರು ಯಾವ ಮತವನ್ನು ಖಂಡಿಸಬೇಕಾದರೂ ಮೊದಲು ಅದನ್ನು ಪೂರ್ವಪಕ್ಷವಾಗಿ, ಲೋಪವಿಲ್ಲದಂತೆ ನಿರೂಪಿಸುತ್ತಿದ್ದರು. ಪೂರ್ವಪಕ್ಷವನ್ನೇ ಅರಿಯದವನ ಮಾತು ನಿಂದೆಯಾದೀತೇ ಹೊರತು ವಿಮರ್ಶೆಯಾಗದು.

ಹಾಗೆಂದು ಕೂಗೆಲ್ಲವೂ ಪೊಳ್ಳೆಂದು ತಳ್ಳಿಬಿಡುವುದೂ ಸಲ್ಲದು. ಕೆಲವೊಮ್ಮೆ ಹಣ್ಣಿನಲ್ಲಿಯೇ ಹುಳುವಿರುತ್ತದೆ. 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಎಂಬ ಆಟಕ್ಕೆ ಪೂರ್ಣ ಬೆಲೆ ತೆತ್ತವರೂ ಪ್ರಸಿದ್ಧ ಪಾತ್ರಗಳಿಗಾಗಿ ಹತ್ತಾರು ಗಂಟೆ ದುಡಿಯಬೇಕಾಗಿತ್ತು. ಬೇಗ ಬಲಗೊಳ್ಳಬೇಕೆಂಬವರು ‘ಲೂಟ್ ಬಾಕ್ಸ್’ ಎಂಬ, ಒಳಗೇನಿದೆಯೆಂದು ತೆರೆಯುವವರೆಗೂ ತಿಳಿಯದ ಪೆಟ್ಟಿಗೆಗಳನ್ನು ಮತ್ತೆ ಹಣ ಸುರಿದು ಪಡೆಯಬಹುದಾಗಿತ್ತು. ಲಾಟರಿಗೂ ಇದಕ್ಕೂ ಭೇದವೇನು? ಆಡುವವರು ಒಕ್ಕೊರಲಿನಿಂದ ಪ್ರತಿಭಟಿಸಿದ ಮೇಲೆ, ‘ಎಲೆಕ್ಟ್ರಾನಿಕ್ ಆರ್ಟ್ಸ್’ ಸಂಸ್ಥೆಯು ಬಿಡುಗಡೆಯ ಮುನ್ನಾದಿನವೇ ಆ ವ್ಯಾಪಾರವನ್ನು ನಿಲ್ಲಿಸಿತು. 2018ನೆಯ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಬೇರೆ ಮೂರು ಆಟಗಳ ಇಂಥ ಪೆಟ್ಟಿಗೆಗಳು ತಮ್ಮ ಕಾನೂನಿನ ಪ್ರಕಾರ ಜೂಜೇ ಸರಿಯೆಂದು ಸಾರಿದರು. ಇವರೆಲ್ಲರನ್ನೂ ಹೊಟ್ಟೆಕಿಚ್ಚಿನವರೆಂದು ಕಡೆಗಣಿಸಿದ್ದರೆ ಎಷ್ಟು ಮಕ್ಕಳ ಕೈಹಣ ಹೋಗುತ್ತಿತ್ತೋ!

ಆದುದರಿಂದ ಕೂಗಿನ ಗಾತ್ರವನ್ನು ಅಳೆಯದೆ, ಕೂಗುವವನು ಆಡಿ ನೋಡಿದ್ದಾನೆಯೇ, ದೋಷವು ಇಂಥ ಕಡೆಯೇ ಎಂದು ಬೆರಳಿಟ್ಟು ತೋರಿಸುತ್ತಾನೆಯೇ ಎಂಬೆರಡನ್ನು ಕೇಳತಕ್ಕದ್ದು. ಈ ಪರೀಕ್ಷೆಯು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಮಗನ ಆಟವನ್ನು ಒಮ್ಮೆಯೂ ನೋಡದೆ ‘ಹಾಳು ಆಟ’ವೆಂದು ಗದರಿಸುವ ತಂದೆಯೂ, ಆಡದೆಯೇ ಸೊನ್ನೆ ಹಾಕಿದವನೂ ಒಂದೇ ಪಂಕ್ತಿಯವರು. ನಾಳೆ ಆ ತಂದೆಯು ಜೂಜಿನ ಪೆಟ್ಟಿಗೆಯ ವಿಷಯವಾಗಿ ನಿಜವಾದ ಎಚ್ಚರಿಕೆಯನ್ನು ಹೇಳಿದರೂ ಅದು ಹಳೆಯ ಬೈಗುಳವೆಂದೇ ಮಗನಿಗೆ ತೋರುವುದು. ಅರ್ಧ ಗಂಟೆಯ ಕಾಲ ಅವನ ಪಕ್ಕದಲ್ಲಿ ಕುಳಿತು, ಆಟದ ಬಗೆಯನ್ನು ಅವನಿಂದಲೇ ಕೇಳಿ ತಿಳಿದು, ಅನಂತರ ದೋಷವನ್ನು ತೋರಿಸಲಿ. ಆಗ ಆ ಮಾತಿಗೆ ಬೆಲೆಯುಂಟು.