ಬೆಳಕೆಂದರೆ ಬಿಳುಪಲ್ಲ

ಮಗಳ ಫೋಟೋ ತೆಗೆಸಲು ನನ್ನ ಸ್ಟುಡಿಯೋಗೆ ಬರುವ ತಾಯಂದಿರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. “ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ ಮೇಡಂ” ಅನ್ನುವುದು ಒಂದು. “ಹಿಂದೆ ಏನಾದ್ರೂ ಒಳ್ಳೇ ಸೀನರಿ ಹಾಕಿ” ಅನ್ನುವುದು ಇನ್ನೊಂದು. ಹುಡುಗಿಯ ಕಣ್ಣಿನ ಬಗ್ಗೆ, ನಗುವಿನ ಬಗ್ಗೆ, ಅವಳು ತಲೆ ಓರೆ ಮಾಡಿ ನೋಡುವ ರೀತಿಯ ಬಗ್ಗೆ ಮಾತಾಡುವವರು ಅಪರೂಪ. ಈ ಎರಡೂ ಮಾತುಗಳ ಮೇಲೆ ನನಗೆ ತಕರಾರಿದೆ. ಗಿರಾಕಿಗಳು ಬೇಸರಪಟ್ಟುಕೊಂಡರೂ ಸರಿ, ಹೇಳಿಯೇ ಬಿಡುತ್ತೇನೆ.

ತಿಪಟೂರಿನಲ್ಲಿ ನಮ್ಮದು ಮಾವನವರ ಕಾಲದಿಂದ ಬಂದ ಸ್ಟುಡಿಯೋ. ಅವರ ದಿನಗಳಲ್ಲಿ ಹಿಂದಿನ ಪರದೆ ಎಂದರೆ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ್ದು. ಬಳುಕಿದ ಮೆಟ್ಟಿಲು, ದಪ್ಪ ಕಂಬ, ಕೊಳ, ಕೊಳದಲ್ಲಿ ಎರಡು ಹಂಸ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ನಾಟಕದ ಪರದೆಯ ಹಾಗೆ ಅದೊಂದು ಒಪ್ಪಿಕೊಂಡ ಸುಳ್ಳು. ಈಗಿನದು ಹಾಗಲ್ಲ. ಹಸಿರು ಬಟ್ಟೆಯ ಮುಂದೆ ಕೂರಿಸಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಆ ಹಸಿರನ್ನು ಕಿತ್ತು ಸ್ವಿಟ್ಜರ್ಲೆಂಡ್ ತುಂಬುತ್ತಾರೆ. ರೇಷ್ಮೆ ಸೀರೆ ಉಟ್ಟು, ಮೊಳ ಮಲ್ಲಿಗೆ ಮುಡಿದ ಹುಡುಗಿ ಹಿಮದಲ್ಲಿ ನಿಂತಿರುತ್ತಾಳೆ. ಶೀತವಾದರೂ ಆಗುವುದಿಲ್ಲವೇ ಪಾಪ! ಚಿತ್ರದ ಸೂರ್ಯ ಎಡಕ್ಕೆ, ಅವಳ ಮುಖದ ಬೆಳಕು ಬಲಕ್ಕೆ. ಹಿನ್ನೆಲೆ ಮುಗಿಸಿದ ಮೇಲೆ ಅದೇ ಕಂಪ್ಯೂಟರು ಮುಖಕ್ಕೂ ಕೈಹಾಕುತ್ತದೆ. ಕೆನ್ನೆಯ ಮಚ್ಚೆ ಹೋಗುತ್ತದೆ, ಕಣ್ಣಿನ ಕೆಳಗಿನ ಗೆರೆ ಹೋಗುತ್ತದೆ, ಕೊನೆಗೆ ಬಣ್ಣವೂ ಹೋಗುತ್ತದೆ. ಉಳಿಯುವುದು ಸುಣ್ಣ ಬಳಿದ ಗೋಡೆ.

ನನ್ನ ವಾದ ಇಷ್ಟೇ. ಹಿನ್ನೆಲೆಗೆ ಚೆಂದ ಬೇಕಾದರೆ ಬೆಳಕಿನಿಂದಲೇ ಮಾಡಿಕೊಳ್ಳಬಹುದು. ಆ ಬೆಳಕಿನಲ್ಲಿ ಹುಡುಗಿ ಅವಳ ಬಣ್ಣದಲ್ಲೇ ಕೂರಬಹುದು. ಅದಕ್ಕೆ ಬೇಕಾದ ಸಾಮಾನು ನಿಮ್ಮ ಅಡುಗೆಮನೆಯಲ್ಲಿದೆ. (ಅಡುಗೆಮನೆಯನ್ನು ಹೊಗಳಿ ಹೆಂಗಸರನ್ನು ಅಲ್ಲೇ ಕೂರಿಸುವ ಉಪಾಯ ಇದೆಂದು ತಿಳಿಯಬೇಡಿ. ಸಾಮಾನನ್ನು ಅಲ್ಲಿಂದ ಹೊರಗೆ ತನ್ನಿ ಎನ್ನುತ್ತಿದ್ದೇನೆ.)

ನನ್ನ ಸ್ಟುಡಿಯೋದ ಗೋಡೆಗೆ ಈಗ ಬರೀ ಬೂದು ಬಣ್ಣ. ಗೋಡೆಯಿಂದ ಆರಡಿ ದೂರದಲ್ಲಿ, ಒಂದು ಪಕ್ಕಕ್ಕೆ ಸಣ್ಣ ದೀಪ. ದೀಪದ ಮುಂದೆ ಎರಡಡಿಗೆ ಒಂದರಿಯನ್ನೋ, ಅನ್ನ ಬಸಿಯುವ ತೂತಿನ ಪಾತ್ರೆಯನ್ನೋ ಹಿಡಿದರೆ ಅದರ ನೆರಳು ಮೂರು ಪಟ್ಟು ದೊಡ್ಡದಾಗಿ ಗೋಡೆಯ ಮೇಲೆ ಹರಡುತ್ತದೆ. ಒಂದರಿಯನ್ನು ಗೋಡೆಯ ಕಡೆಗೆ ಸರಿಸಿದಷ್ಟೂ ನಕ್ಷೆ ಚಿಕ್ಕದಾಗಿ, ಚೂಪಾಗುತ್ತದೆ. ದೀಪದ ಕಡೆ ತಂದಷ್ಟೂ ದೊಡ್ಡದಾಗಿ, ಮಂಜಾಗುತ್ತದೆ. ದೀಪ ಚಿಕ್ಕದಿರಬೇಕು, ಇದೇ ಗುಟ್ಟು. ಟ್ಯೂಬ್‌ಲೈಟ್ ಮುಂದೆ ಏನು ಹಿಡಿದರೂ ನೆರಳು ಕಲಸಿಹೋಗುತ್ತದೆ. ಉದ್ದದ ದೀಪದ ಒಂದು ತುದಿ ಹಾಕಿದ ನೆರಳನ್ನು ಇನ್ನೊಂದು ತುದಿ ಅಳಿಸುತ್ತದೆ. ಮೊಬೈಲಿನ ಟಾರ್ಚು ಸಾಸಿವೆಯಷ್ಟೇ ಇರುವುದರಿಂದ, ಕೋಣೆ ಕತ್ತಲಾಗಿದ್ದರೆ ಅದರ ನೆರಳು ಬರೆದಂತೆ ಬೀಳುತ್ತದೆ.

ಗೋಡೆಗೆ ಹೀಗೆ ಚುರುಕಾದ ಬೆಳಕು, ಮುಖಕ್ಕೆ ಮೆತ್ತನೆಯದು. ಇನ್ನೊಂದು ದೀಪವನ್ನು ಹುಡುಗಿಯ ಕಡೆ ತಿರುಗಿಸದೆ, ಅಡ್ಡ ಕಟ್ಟಿದ ಬಿಳಿ ಪಂಚೆಯ ಕಡೆಗೆ ತಿರುಗಿಸುತ್ತೇನೆ. ಪಂಚೆಯಿಂದ ವಾಪಸು ಬಂದ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುತ್ತದೆ. ಸುಬ್ರತ ಮಿತ್ರ ಅವರು 1956ರ ‘ಅಪರಾಜಿತೋ’ ಚಿತ್ರಕ್ಕೆ ಕಾಶಿಯ ಮನೆಯ ಅಂಗಳದ ಸೆಟ್ಟು ಸ್ಟುಡಿಯೋದಲ್ಲಿ ಎದ್ದಾಗ, ಮೇಲೆ ಬಿಳಿ ಬಟ್ಟೆ ಕಟ್ಟಿಸಿ ದೀಪದ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗಿಳಿಸಿದ್ದು ಇದೇ ಲೆಕ್ಕ. ಮುಖದ ಬೆಳಕು ಗೋಡೆಗೆ ಹೋದರೆ ನಕ್ಷೆ ಮಾಸುತ್ತದೆ. ಅದಕ್ಕೆ ಹುಡುಗಿಯನ್ನು ಗೋಡೆಯಿಂದ ಐದಾರಡಿ ಮುಂದೆ ಕೂರಿಸಿ, ಮಧ್ಯದಲ್ಲಿ ಕರಿಕಂಬಳಿ ತೂಗುಹಾಕಿದ್ದೇನೆ.

ಸಿನಿಮಾದವರು ದೀಪದ ಮುಂದೆ ಹಿಡಿಯುವ ತೂತಿನ ಹಲಗೆಗೆ ಕುಕೋಲೋರಿಸ್ ಎಂದು ಹೆಸರಿಟ್ಟಿದ್ದಾರೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳ ಮುಂದೆ ನಿಂತವರಿಗೆ ಅದರಲ್ಲಿ ಹೊಸದೇನೂ ಕಾಣದು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಕತ್ತಲೆಯ ಸ್ಟುಡಿಯೋದೊಳಗೆ ಕಂಬದಂತೆ ಇಳಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ರ ಸಾಲಿಗೆ. ಆ ದೃಶ್ಯದಲ್ಲಿ ಬೆಳಕಿಗೆ ಬೆಲೆ ಬಂದದ್ದು ಸುತ್ತಲಿನ ಕತ್ತಲೆಯಿಂದ. ನಮ್ಮ ಸ್ಟುಡಿಯೋಗಳು ಎರಡೂ ಕಡೆ ಕೊಡೆದೀಪ ಹಚ್ಚಿ, ನೆರಳೆಂಬುದು ಕೊಳೆಯೋ ಎಂಬಂತೆ ತೊಳೆದು ಹಾಕುತ್ತವೆ. ನೆರಳು ಹೋದ ಮುಖದಲ್ಲಿ ಮೂಗೂ ಇರುವುದಿಲ್ಲ.

“ಬೆಳ್ಳಗೆ” ಎನ್ನುವ ಹಟ ನಮ್ಮದಷ್ಟೇ ಅಲ್ಲ ಅನ್ನುವುದನ್ನೂ ಹೇಳಬೇಕು. ಕೊಡಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲೆಂದು ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸು. ಶರ್ಲಿ ಎಂಬ ಮಾಡೆಲ್ಲಿನಿಂದಾಗಿ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಂದರೆ ಬಿಳಿಯ ಕೆನ್ನೆಗೆ ಅಳತೆ ಹಿಡಿದು ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಿದ್ದರು. ಇತ್ತ 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ. ಹೆಸರು ಹೋಯಿತು, ಮೊಬೈಲಿನಲ್ಲಿ ಬೆರಳಾಡಿಸಿದರೆ ಬೆಳ್ಳಗಾಗುವ ಫಿಲ್ಟರುಗಳು ಬಂದು ಕೂತವು.

ಕೆಲವು ವರ್ಷಗಳ ಹಿಂದೆ ಬಿ.ಎಡ್. ಮುಗಿಸಿದ ಹುಡುಗಿಯೊಬ್ಬಳು ಬಂದಳು. ಬೇರೆಲ್ಲೋ ತೆಗೆಸಿದ ಅವಳ ಫೋಟೋವನ್ನು ಯಥೇಚ್ಛವಾಗಿ ಬಿಳುಪು ಮಾಡಿದ್ದರು. ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಮೊಬೈಲನ್ನೊಮ್ಮೆ ಅವಳನ್ನೊಮ್ಮೆ ನೋಡಿ, “ಫೋಟೋದಲ್ಲಿರೋದು ಇವಳ ಅಕ್ಕನಾ?” ಎಂದು ಕೇಳಿದರಂತೆ. ಅವಳು ಅಳಲಿಲ್ಲ. “ಆಂಟಿ, ನನ್ನ ಥರಾನೇ ಕಾಣೋ ಒಂದು ಫೋಟೋ ತೆಗೀರಿ. ಬೇಡ ಅನ್ನೋರು ಫೋಟೋ ನೋಡೇ ಬೇಡ ಅನ್ಲಿ, ಮನೆಗೆ ಬಂದು ಅನ್ನೋದು ಬೇಡ” ಎಂದಳು.

ಅವತ್ತು ಹಿತ್ತಲಿನಿಂದ ತೆಂಗಿನ ಗರಿಯ ತುಂಡೊಂದನ್ನು ತಂದು ದೀಪಕ್ಕೆ ಅಡ್ಡ ಹಿಡಿದೆವು. ಗೋಡೆಯ ತುಂಬ ಓರೆ ಗೆರೆಗಳು ಬಿದ್ದವು. ಪಂಚೆಯ ಬೆಳಕು ಅವಳ ಕೆನ್ನೆಯ ಮೇಲೆ ಎಣ್ಣೆಯಂತೆ ಹೊಳೆಯಿತು. ಕಪ್ಪು ಚರ್ಮಕ್ಕೆ ಈ ಹೊಳಪಿನ ಭಾಗ್ಯವಿದೆ. ನೇರವಾಗಿ ಹೊಡೆವ ಫ್ಲ್ಯಾಶು ಅದನ್ನು ಕೊಲ್ಲುತ್ತದೆ. ಪ್ರಿಂಟು ನೋಡಿದ ಅವಳ ತಾಯಿ, “ಗರಿ ಚೆನ್ನಾಗಿ ಬಂದಿದೆ, ಆದ್ರೆ ಇವಳು ಕಪ್ಪಗೇ ಬಂದಿದ್ದಾಳಲ್ಲ” ಎಂದರು. “ಹೌದಮ್ಮ, ನಾನು ಹಾಗೇ ಅಲ್ವಾ ಇರೋದು?” ಎಂದು ಹುಡುಗಿ ಕವರು ತೆಗೆದುಕೊಂಡು ಮೆಟ್ಟಿಲಿಳಿದಳು. ಮದುವೆಯಾಯಿತೇ ಎಂದು ನನ್ನನ್ನು ಕೇಳಬೇಡಿ. ಆ ಫೋಟೋ ಪಾಸಾಗಬೇಕಾಗಿದ್ದ ಪರೀಕ್ಷೆ ಅದಲ್ಲ.

“ನಿಮಗೇನು ಮೇಡಂ, ಹೆಣ್ಣು ಹೆತ್ತವರ ಕಷ್ಟ ನಿಮಗೆ ಗೊತ್ತಿಲ್ಲ” ಎನ್ನುವವರಿದ್ದಾರೆ. ನನಗೂ ಹೆಣ್ಣು ಮಗಳಿದ್ದಾಳೆ, ಅವಳ ಬಣ್ಣವೂ ನನ್ನದೇ. ಗಂಡಿನ ಕಡೆಯವರು ಬಿಳುಪು ಕೇಳುತ್ತಾರೆ ಎನ್ನುತ್ತೀರಿ. ಸ್ಟುಡಿಯೋದ ಕುರ್ಚಿಯ ಪಕ್ಕ ನಿಂತು, ಹುಡುಗಿಗೆ ಕೇಳಿಸುವಂತೆ ಮೊದಲು ಅದನ್ನು ಕೇಳುವವರು ಯಾರು? ಗಂಡಿನ ಕಡೆಯವರು ಇನ್ನೂ ಅವಳ ಹೆಸರನ್ನೂ ಕೇಳಿರುವುದಿಲ್ಲ. ಆ ಮಾತು ಬಿದ್ದ ಕ್ಷಣದಲ್ಲೇ ಅವಳ ಭುಜ ಕುಸಿಯುವುದು ಕ್ಯಾಮೆರಾದ ಹಿಂದಿರುವ ನನಗೆ ಕಾಣುತ್ತದೆ. ಕುಸಿದ ಭುಜವನ್ನು ಎತ್ತಿ ನಿಲ್ಲಿಸುವ ಕಂಪ್ಯೂಟರು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ನನ್ನ ಸ್ಟುಡಿಯೋದಲ್ಲಿ ಬಿಳುಪು ಮಾಡಿಕೊಡುವುದಿಲ್ಲ. ಸ್ವಿಟ್ಜರ್ಲೆಂಡೂ ಇಲ್ಲ. ಬರುವಾಗ ಮನೆಯಿಂದ ನಿಮಗಿಷ್ಟವಾದ ಯಾವುದಾದರೂ ತೂತಿನ ಸಾಮಾನು ತನ್ನಿ. ಬೂಂದಿ ಕರಿಯುವ ಜಾಲರಿ ಸೌಟು, ಅಜ್ಜಿ ಹೆಣೆದ ಕ್ರೋಶಾ ಲೇಸು, ಹಳೆಯ ರಂಗೋಲಿ ಅಚ್ಚು, ಯಾವುದಾದರೂ ನಡೆಯುತ್ತದೆ. ಮೈದಾ ಜರಡಿ ಮಾತ್ರ ಬೇಡ. ಅದರ ಕಣ್ಣು ತೀರಾ ಸಣ್ಣ, ಗೋಡೆಯ ಮೇಲೆ ಬರೀ ಮಬ್ಬು ಬೀಳುತ್ತದೆ.