ಜಗುಲಿಯೂ ಇರಲಿ, ಚಿಲಕವೂ ಇರಲಿ

ವೃದ್ಧರ ವಸತಿಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಅಭಿಪ್ರಾಯಗಳು ಕೇಳಿಬರುತ್ತವೆ. ಮಕ್ಕಳೇ ನೋಡಿಕೊಳ್ಳಬೇಕು ಎಂಬುದು ಒಂದು. ನೋಡಿಕೊಳ್ಳದಿದ್ದರೆ ವೃದ್ಧಾಶ್ರಮವಿದೆಯಲ್ಲ ಎಂಬುದು ಇನ್ನೊಂದು. ಆ ವೃದ್ಧಾಶ್ರಮ ಹೇಗಿರಬೇಕು, ಅಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ ಬೇಕು ಎಂದು ವಿಚಾರಿಸುವವರು ವಿರಳ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಈ ವಿಚಾರಣೆ ಈಗ ಅಗತ್ಯವಾಗಿದೆ. ಬೆಂಗಳೂರು ಕೂಗಳತೆಯಲ್ಲಿರುವಂತೆ ತೋರುತ್ತದೆ. ಆದರೆ ಅಲ್ಲಿ ನೆಲೆಸಿದ ಮಗ ಹಬ್ಬಕ್ಕೆ ಬಂದು ಹೋಗುವುದೇ ದೊಡ್ಡ ಮಾತಾಗಿದೆ. ಕನಕಪುರ ರಸ್ತೆಯುದ್ದಕ್ಕೂ ಹಿರಿಯರಿಗಾಗಿಯೇ ಕಟ್ಟಿದ ಅಪಾರ್ಟ್‌ಮೆಂಟುಗಳೇನೋ ಎದ್ದಿವೆ. ಅವು ಉಳ್ಳವರಿಗೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕಿತ್ತು ಬೆನ್ನು ಬಾಗಿದವರಿಗಲ್ಲ.

ಇಲ್ಲದವರಿಗಾಗಿ ಒಂದು ಕಾಯಿದೆ ಇದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಈ ಕಾಯಿದೆ ಬಂದದ್ದು 2007ರಲ್ಲಿ. ರಾಮನಗರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ (2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು). ಕಾಯಿದೆಯ 19ನೆಯ ಪ್ರಕರಣದಂತೆ, ರಾಜ್ಯ ಸರ್ಕಾರವು ಜಿಲ್ಲೆಗೆ ಕನಿಷ್ಠ ಒಂದರಂತೆ ಆರಂಭಿಸಿ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡುವ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು. ಉದ್ದೇಶ ಒಳ್ಳೆಯದೇ. ನನ್ನ ತಕರಾರಿರುವುದು ಆ 150 ಎಂಬ ಅಂಕಿ ಓದುಗನ ಕಣ್ಣಮುಂದೆ ತರುವ ಚಿತ್ರದ ಬಗ್ಗೆ. ಒಂದು ಉದ್ದನೆಯ ಕಟ್ಟಡ, ಸಾಲು ಮಂಚಗಳು, ಮೂಲೆಯಲ್ಲಿ ಸಾಮೂಹಿಕ ಬಚ್ಚಲು, ಗಂಟೆ ಹೊಡೆದಾಗ ಊಟ. ಮೇಷ್ಟರಾಗಿದ್ದ ಕಾಲದಲ್ಲಿ ವಿದ್ಯಾರ್ಥಿನಿಲಯಗಳನ್ನು ಹತ್ತಿರದಿಂದ ಕಂಡವನು ನಾನು. ಅಲ್ಲಿ ಹುಡುಗನಿಗೆ ತನ್ನದೆಂಬುದು ಬೀಗ ಹಾಕಿದ ತಗಡಿನ ಟ್ರಂಕು ಒಂದೇ. 14ರ ಹುಡುಗನಿಗೆ ಅದು ಮೂರು ನಾಲ್ಕು ವರ್ಷದ ಮಾತು. 70 ದಾಟಿದ ಮುದುಕಿಗೆ ಅದೇ ಕಡೆಯ ಮನೆ.

ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಣ್ಣಾದ ಹುಳುಗಳನ್ನು ಅವರು ಚಂದ್ರಂಕಿಗೆ ಬಿಡುತ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಸುರುಳಿ ಸುರುಳಿಯಾಗಿ ಕಟ್ಟಿದ ಬಿದಿರಿನ ಪಟ್ಟಿ. ಒಂದೇ ತಟ್ಟಿಯ ಮೇಲೆ ಸಾವಿರ ಹುಳುಗಳಿದ್ದರೂ ಪ್ರತಿಯೊಂದೂ ಆ ಸಂದಿನಲ್ಲಿ ತನ್ನದೊಂದು ಎಡೆ ನೋಡಿಕೊಂಡು ಗೂಡು ಕಟ್ಟುತ್ತದೆ. ಚದರ ಅಡಿಗೆ 40ರಿಂದ 50 ಹುಳು ಎಂಬುದು ಲೆಕ್ಕ. ಅದನ್ನು ಮೀರಿ ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುವುದು ಹೆಚ್ಚುತ್ತದೆ. ಅಂಥ ಜೋಡಿಗೂಡಿನ ಎಳೆಗಳು ಒಂದಕ್ಕೊಂದು ಸಿಕ್ಕಾಗಿರುವುದರಿಂದ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ. ಮನುಷ್ಯರನ್ನು ಹುಳುವಿಗೆ ಹೋಲಿಸಿದನೆಂದು ಯಾರೂ ಮುನಿಯಬಾರದು. ಹುಳುವಿಗೆ ಎಷ್ಟು ಎಡೆ ಬೇಕೆಂದು ಅಳೆದಿರುವ ನಾವು ಹಿರಿಯರ ವಿಷಯದಲ್ಲಿ ಅಳೆದಿಲ್ಲವೆಂಬುದಷ್ಟೇ ನನ್ನ ಮಾತು.

ಹಾಗಾದರೆ ಹಳೆಯ ತೊಟ್ಟಿಮನೆಯೇ ಮಾದರಿಯೆ? ನಡುವೆ ಬಯಲು, ಸುತ್ತ ಪಡಸಾಲೆ, ಬೀದಿಗೆ ಜಗುಲಿ. ಒಳಗೆ ಹೊರಗೆ ಎಂಬ ಎರಡೇ ಮೆಟ್ಟಿಲಿನ ಬದಲು ಬೀದಿ, ಜಗುಲಿ, ಪಡಸಾಲೆ, ಕೋಣೆ ಎಂದು ಲೋಕಾಂತದಿಂದ ಏಕಾಂತಕ್ಕೆ ನಿಧಾನವಾಗಿ ಇಳಿಯುವ ಜಾಣ್ಮೆ ಅದರಲ್ಲಿದೆ. ಆದರೆ ಅದನ್ನು ಹಾಡಿ ಹೊಗಳುವವರು ಒಂದನ್ನು ಮರೆಯುತ್ತಾರೆ. ಆ ಮನೆಯಲ್ಲಿ ಸೊಸೆಗೆ ಕಣ್ಣೀರು ಹಾಕಲು ಕೂಡ ಮರೆಯಿರಲಿಲ್ಲ. ಆ ಜಗುಲಿಯನ್ನು ಹತ್ತಲು ಊರಿನ ಎಲ್ಲ ಜಾತಿಯವರಿಗೂ ಅಪ್ಪಣೆಯಿರಲಿಲ್ಲ. ಆಕಾರವನ್ನು ಉಳಿಸಿಕೊಂಡು ಆಚಾರವನ್ನು ಬಿಡಬೇಕಾಗಿದೆ.

ನನ್ನ ಮನಸ್ಸಿನಲ್ಲಿರುವುದು ಇಂಥದು: ಒಂದು ಅಂಗಳ, ಸುತ್ತ 12 ಪುಟ್ಟ ಮನೆಗಳು. ಪ್ರತಿ ಮನೆಗೂ ಸ್ವಂತ ಬಾಗಿಲು, ಅದರ ಮುಂದೆ ಇಬ್ಬರು ಕೂರುವಷ್ಟು ಜಗುಲಿ, ಒಳಗೆ ಒಂದು ಕೋಣೆ, ಬಚ್ಚಲು, ಒಂದು ಒಲೆಯ ಮೂಲೆ. ಒಂದು ಮನೆಗೆ ಒಬ್ಬರೆಂದರೂ 150 ಮಂದಿಗೆ ಇಂಥ 13 ಅಂಗಳಗಳು ಸಾಕು. ಜಿಲ್ಲೆಯ ಯಾವುದೋ ಬೆಟ್ಟದ ಬುಡದಲ್ಲಿ ಒಂದೆಡೆ ಕಟ್ಟುವ ಬದಲು ನಾಲ್ಕೂ ಊರುಗಳಿಗೆ ಹಂಚಬಹುದು. ಸುಲಭವಾಗಿ ತಲುಪುವ ಸ್ಥಳಗಳಲ್ಲಿರಬೇಕೆಂದು ಕಾಯಿದೆಯೇ ಹೇಳಿದೆ. ಮಾಗಡಿಯ ಮುದುಕನಿಗೆ ಮಾಗಡಿಯ ಸಂತೆ, ಅಲ್ಲಿಯ ಬಸ್ ನಿಲ್ದಾಣ, ಅಲ್ಲಿಯ ಪರಿಚಯದ ಮುಖಗಳು ಬೇಕು. ಚನ್ನಪಟ್ಟಣದಲ್ಲಾದರೆ ಅಂಗಳದ ಪಕ್ಕ ಒಂದು ಚಪ್ಪರ ಇರಲಿ. ಜೀವಮಾನವೆಲ್ಲ ಮರ ಕಡೆದು ಅರಗಿನ ಬಣ್ಣ ಹಾಕಿದ ಕೈಗಳು ಸುಮ್ಮನೆ ಕೂರಲಾರವು.

ಒಲೆ ಏಕೆ, ಸಾಮೂಹಿಕ ಅಡುಗೆಮನೆ ಸಾಲದೆ ಎಂದು ಕೇಳುವವರಿದ್ದಾರೆ. ಜಗಳಗಳು ಹುಟ್ಟುವುದೇ ಅಲ್ಲಿ ಎಂಬುದು ಒಂದು ಉತ್ತರ. ಒಬ್ಬರಿಗೆ ಮಾಂಸ ಬೇಕು, ಇನ್ನೊಬ್ಬರಿಗೆ ಅದರ ವಾಸನೆಯೂ ಆಗದು. ಹಲ್ಲಿಲ್ಲದವರಿಗೆ ಮುದ್ದೆ ಬಿಸಿಯಾಗಿಯೇ ಬೇಕು. ಅದಕ್ಕಿಂತ ದೊಡ್ಡ ಉತ್ತರ, ಬಂದವರಿಗೆ ಒಂದು ಲೋಟ ಕಾಫಿ ಕಾಯಿಸಿಕೊಡಲಾಗದ ಮನೆಯನ್ನು ನಮ್ಮ ಹೆಂಗಸರು ಮನೆಯೆಂದು ಒಪ್ಪುವುದಿಲ್ಲ. ಮಧ್ಯಾಹ್ನದ ಊಟ ಒಟ್ಟಿಗೆ ಆಗಲಿ. ಉಳಿದದ್ದು ಅವರವರ ಇಷ್ಟ.

ಲಂಡನ್ನಿನ ಬಾರ್ನೆಟ್ ಎಂಬಲ್ಲಿ 50 ದಾಟಿದ ಹೆಂಗಸರೇ ಸೇರಿ 25 ಮನೆಗಳ ಇಂಥದೊಂದು ವಸತಿಯನ್ನು ಮಾಡಿಕೊಂಡಿದ್ದಾರೆ. 1998ರಲ್ಲಿ ಹೊರಟವರು ಅಲ್ಲಿ ವಾಸಕ್ಕೆ ಬಂದದ್ದು 2016ರಲ್ಲಿ. ಪ್ರತಿಯೊಬ್ಬರಿಗೂ ಸ್ವಂತ ಅಡುಗೆಮನೆ, ಸ್ವಂತ ಬಾಗಿಲು. ಸಭಾಂಗಣ ಮತ್ತು ತೋಟ ಎಲ್ಲರದು. ವಾಸಿಸುವವರೇ ವಾಸ್ತುಶಿಲ್ಪಿಯ ಜೊತೆ ಕುಳಿತು ನಕ್ಷೆ ಮಾಡಿಸಿಕೊಂಡರೆಂಬುದು ನನಗೆ ಮುಖ್ಯವಾಗಿ ಕಂಡಿತು. ನಮ್ಮಲ್ಲಿ ನಕ್ಷೆ ಮೊದಲು ಬರುತ್ತದೆ, ವಾಸಿಸುವವರು ಆಮೇಲೆ.

ಇಷ್ಟೆಲ್ಲ ಬಾಗಿಲುಗಳಾದರೆ ಒಳಗೆ ಯಾರಾದರೂ ಬಿದ್ದರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದು. ಚಿಲಕವನ್ನೇ ತೆಗೆದುಬಿಡುವುದು ಇದಕ್ಕೆ ಪರಿಹಾರವಲ್ಲ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾದಾರು. ಮುಂಬಾಗಿಲಿಗೆ ಒಳಗಿನಿಂದ ಹಾಕಬಹುದಾದ, ಹೊರಗಿನಿಂದ ಕೀಲಿಕೈಯಲ್ಲಿ ತೆಗೆಯಬಹುದಾದ ಬೀಗವಿರಲಿ. ಆ ಎರಡನೆಯ ಕೀಲಿಕೈ ಕಚೇರಿಯ ಮೊಳೆಗೆ ತೂಗುವುದು ಬೇಡ. ಅಂಗಳದ ಹನ್ನೊಂದು ಮನೆಗಳಲ್ಲಿ ಯಾರ ಬಳಿ ಅದಿರಬೇಕೆಂಬುದನ್ನು ಆ ಮನೆಯವರೇ ಹೇಳಲಿ.